ಕಾರ್ಗತ್ತಲೆಯ ತಿಂಗಳಿನ ದೀಪೋದ್ಯಾನ

ನಮ್ಮ ನಾಡಿನವರಿಗೆ ಕತ್ತಲೆಯೆಂದರೆ ರಾತ್ರಿಯ ಕತ್ತಲೆ. ಸಂಜೆ ಆರು ಆರೂವರೆಗೆ ಬಂದು, ಮರುದಿನ ಬೆಳಗಿನ ಆರರ ಹೊತ್ತಿಗೆ ತಪ್ಪದೆ ಹೊರಟುಹೋಗುವ, ನಂಬಿಕೆಯುಳ್ಳ ಅತಿಥಿ ಅದು. ಪುಷ್ಯ ಮಾಸವಿರಲಿ, ಜ್ಯೇಷ್ಠ ಮಾಸವಿರಲಿ, ಅದರ ಹೋಗುಬರವಿನಲ್ಲಿ ಹೆಚ್ಚೆಂದರೆ ಒಂದು ಗಂಟೆಯ ವ್ಯತ್ಯಾಸವನ್ನು ಕಾಣಬಹುದು. ಆದುದರಿಂದಲೇ ಕತ್ತಲೆಯೂ ಒಂದು ಋತುವಾಗಬಲ್ಲುದೆಂದು ಭಾವಿಸುವುದು ನಮಗೆ ಸುಲಭವಲ್ಲ. ಉತ್ತರ ಯೂರೋಪಿನ ಜನರಿಗಾದರೋ ಅದು ಋತುವೇ ಸರಿ. ಡೆನ್ಮಾರ್ಕಿನ ರಾಜಧಾನಿಯಾದ ಕೋಪನ್‌ಹೇಗನ್ ನಗರ ಭೂಮಧ್ಯರೇಖೆಯಿಂದ 55 ಡಿಗ್ರಿಗೂ ಮೇಲಕ್ಕೆ, ಉತ್ತರದಲ್ಲಿದೆ. ಡಿಸೆಂಬರ್ ತಿಂಗಳಿನ ಮೂರನೆಯ ವಾರದಲ್ಲಿ ಅಲ್ಲಿ ಸೂರ್ಯನುದಯಿಸುವುದು ಎಂಟೂವರೆಯ ಮೇಲೆ. ಮುಳುಗುವುದು ಮೂರು ಮುಕ್ಕಾಲರ ಒಳಗೆ. ನಡುವಣ ಆ ಏಳು ಗಂಟೆಗಳಾದರೂ ನಮ್ಮ ಅರ್ಥದ ಹಗಲಲ್ಲ. ಕಡಲ ಮೇಲಿನಿಂದ ಬಂದ ಬೂದುಬಣ್ಣದ ಮೋಡ ಊರ ಮೇಲೆ ಕುಳಿತುಬಿಟ್ಟರೆ ಮಧ್ಯಾಹ್ನದ ಹೊತ್ತಿನಲ್ಲಿಯೂ ಪುಸ್ತಕ ಓದಲು ದೀಪ ಬೇಕು. ಹಿಮ ಬಿದ್ದರೆ ನೆಲವಾದರೂ ಬೆಳ್ಳಗೆ ಕಂಡೀತು. ಅನೇಕ ವರ್ಷ ಅದೂ ಇಲ್ಲ, ಬರಿಯ ಜಿನುಗುಮಳೆ ಮತ್ತು ಒದ್ದೆಗಾಳಿ.

ಇಂಥ ಕತ್ತಲೆಯ ನಡುವೆ, ನಗರದ ಹೃದಯಭಾಗದಲ್ಲಿಯೇ, ಒಂದು ಕಡೆ ದೊಡ್ಡ ರೈಲ್ವೆ ನಿಲ್ದಾಣವನ್ನೂ ಇನ್ನೊಂದು ಕಡೆ ಪುರಭವನದ ಚೌಕವನ್ನೂ ನೆರೆಹೊರೆಯಾಗಿ ಪಡೆದು, ಟಿವೊಲಿ ಎಂಬ ವಿಹಾರೋದ್ಯಾನವಿದೆ. ಅದರ ವಿಸ್ತಾರ ಸುಮಾರು ಇಪ್ಪತ್ತು ಎಕರೆ. ಬೆಂಗಳೂರಿನ ಲಾಲ್‌ಬಾಗನ್ನು ಹನ್ನೆರಡು ಪಾಲು ಮಾಡಿದರೆ ಅದರಲ್ಲೊಂದು ಪಾಲಿನಷ್ಟು. ಅಷ್ಟೇ ನೆಲದಲ್ಲಿ ಕೊಳವುಂಟು, ಮರಗಳುಂಟು, ನಾಟಕಶಾಲೆ, ಸಂಗೀತ ಮಂದಿರಗಳುಂಟು, ಮಕ್ಕಳ ಕುದುರೆಚಕ್ರಗಳುಂಟು, ದೊಡ್ಡವರ ಎದೆಯನ್ನೂ ನಡುಗಿಸುವ ಯಂತ್ರಗಳುಂಟು. ನವೆಂಬರ್ ಮಧ್ಯಭಾಗದಿಂದ ವರ್ಷಾಂತ್ಯದವರೆಗೆ ಇವೆಲ್ಲದರ ಮೇಲೆ ದೀಪಗಳು. ಅಲ್ಲಿನ ಬಲ್ಬುಗಳ ಸಂಖ್ಯೆ ಲಕ್ಷವನ್ನು ಮೀರುತ್ತದೆ. ಬಂಧುವೊಬ್ಬರ ಮನೆಯ ಅತಿಥಿಯಾಗಿ ಆ ನಗರಕ್ಕೆ ಹೋಗಿದ್ದ ನಾನು ಡಿಸೆಂಬರಿನ ಒಂದು ಸಂಜೆ ಈ ಉದ್ಯಾನದ ಬಾಗಿಲನ್ನು ಹೊಕ್ಕೆ. ಸಂಜೆಯೆಂದೆನಷ್ಟೆ, ಗಡಿಯಾರ ತೋರುತ್ತಿದ್ದುದು ನಾಲ್ಕೇ ಗಂಟೆ.

ಸಂತೆ ಜಾತ್ರೆಗಳನ್ನು ಕಂಡು ಬೆಳೆದ ನಮಗೆ ತೊಟ್ಟಿಲು, ಕುದುರೆಚಕ್ರ, ಬಣ್ಣದ ದೀಪ ಇವು ಹೊಸವಲ್ಲ. ಇವುಗಳ ವರ್ಣನೆಗಾಗಿಯೇ ವಾಚಕರ ಭಾನುವಾರದ ಹೊತ್ತನ್ನು ಬೇಡುವುದು ನನ್ನ ಉದ್ದೇಶವೂ ಅಲ್ಲ. ಆದರೆ ಈ ಉದ್ಯಾನದ ಚರಿತ್ರೆಯನ್ನು ಸ್ವಲ್ಪ ತಿಳಿದು ಅದರ ದೀಪಗಳ ನಡುವೆ ನಡೆದಾಡುವವನಿಗೆ ಒಂದು ಪ್ರಶ್ನೆ ಎದುರಾಗದೆ ಇರದು. ಜನಸಮೂಹದ ವಿನೋದ ಏತಕ್ಕಾಗಿ? ಇರುವ ಕತ್ತಲೆಯನ್ನು ಮರೆಸುವುದಕ್ಕೋ, ಅಥವಾ ಕತ್ತಲೆಯಲ್ಲಿಯೂ ಒಬ್ಬರ ಮುಖವನ್ನೊಬ್ಬರು ಕಾಣುವುದಕ್ಕೋ? ಟಿವೊಲಿಯ ನೂರೆಂಬತ್ತಕ್ಕೂ ಮಿಕ್ಕ ವರ್ಷಗಳ ಬಾಳು ಈ ಪ್ರಶ್ನೆಗೆ ಮತ್ತೆ ಮತ್ತೆ ಉತ್ತರ ಹೇಳಿಕೊಂಡು ಬಂದಿದೆ.

ಅರಸನ ಅಪ್ಪಣೆ, ಪ್ರಜೆಗಳ ವಿನೋದ

ಟಿವೊಲಿಯ ಸ್ಥಾಪಕ ಜಾರ್ಜ್ ಕಾರ್ಸ್ಟೆನ್ಸನ್ ಎಂಬವನು. 1812ರಲ್ಲಿ ಆಫ್ರಿಕದ ಉತ್ತರ ದಂಡೆಯ ಆಲ್ಜಿಯರ್ಸಿನಲ್ಲಿ ಹುಟ್ಟಿದವನು. ತಂದೆ ಅಲ್ಲಿ ಡೆನ್ಮಾರ್ಕಿನ ರಾಜತಾಂತ್ರಿಕ ಸೇವೆಯಲ್ಲಿದ್ದ. ದೇಶಗಳನ್ನು ಸುತ್ತಿ ಬಂದು ಕೋಪನ್‌ಹೇಗನ್ನಿನಲ್ಲಿ ಪತ್ರಿಕೆಗಳನ್ನು ನಡೆಸುತ್ತಿದ್ದ ಈತ, ತನ್ನ ಚಂದಾದಾರರಿಗಾಗಿ ಸಂಗೀತ, ದೀಪಾಲಂಕಾರ, ಬಾಣಬಿರುಸುಗಳ ಸಮಾರಂಭಗಳನ್ನು ಏರ್ಪಡಿಸಿದ. ಜನ ಮುಗಿಬಿದ್ದರು. ಆಗ ಆತನಿಗೆ, ಒಂದೆರಡು ರಾತ್ರಿಯ ಈ ಸಡಗರಕ್ಕೆ ಒಂದು ಶಾಶ್ವತವಾದ ನೆಲೆ ಏಕೆ ಇರಬಾರದು ಎನ್ನಿಸಿತು. ಪ್ಯಾರಿಸಿನಲ್ಲಿ ಟಿವೊಲಿ ಎಂಬ ಹೆಸರಿನ ವಿಹಾರವನವಿತ್ತು. ರೋಮಿನ ಸಮೀಪದ ಟಿವೊಲಿ ಎಂಬ ಊರಿನಿಂದ ಬಂದ ಹೆಸರು ಅದು. ಲಂಡನ್ನಿನಲ್ಲಿ, ಸಾವಿರಾರು ದೀಪಗಳಿಗಾಗಿ ಹೆಸರುಗೊಂಡ ವಾಕ್ಸ್‌ಹಾಲ್ ಉದ್ಯಾನವಿತ್ತು. ಕಾರ್ಸ್ಟೆನ್ಸನ್ ಎರಡು ಹೆಸರುಗಳನ್ನೂ ಕೂಡಿಸಿ ತನ್ನ ಉದ್ಯಾನಕ್ಕಿಟ್ಟ. ಕಾಲಕ್ರಮದಲ್ಲಿ ಟಿವೊಲಿ ಉಳಿಯಿತು, ವಾಕ್ಸ್‌ಹಾಲ್ ಉದುರಿಹೋಯಿತು.

ಆ ಕಾಲದ ಕೋಪನ್‌ಹೇಗನ್ ಕೋಟೆಯೊಳಗಣ ಊರು. ಸುತ್ತ ಮಣ್ಣಿನ ಕೊತ್ತಲ, ಅದರಾಚೆ ನೀರಿನ ಕಂದಕ. ರಾತ್ರಿಯಾದರೆ ಕೋಟೆಯ ಬಾಗಿಲುಗಳನ್ನು ಮುಚ್ಚುತ್ತಿದ್ದರು. ಪಡುವಣ ಬಾಗಿಲಿನ ಹೊರಗಿದ್ದ ಕೋಟೆಬಯಲಿನಲ್ಲಿ ಜಾಗ ಬೇಕೆಂದು ಕಾರ್ಸ್ಟೆನ್ಸನ್ ದೊರೆ ಎಂಟನೆಯ ಕ್ರಿಶ್ಚಿಯನ್ನನನ್ನು ಬೇಡಿದ. ಡೆನ್ಮಾರ್ಕಿನಲ್ಲಿ ಆಗಿನ್ನೂ ಅರಸೊತ್ತಿಗೆಯ ನಿರಂಕುಶ ಆಳ್ವಿಕೆ. ವಿನೋದದಲ್ಲಿ ತೊಡಗಿದ ಪ್ರಜೆಗಳು ರಾಜಕೀಯದ ಗೊಡವೆಗೆ ಹೋಗುವುದಿಲ್ಲವೆಂದು ಹೇಳಿ ಆತ ದೊರೆಯನ್ನು ಒಪ್ಪಿಸಿದನೆಂಬ ಮಾತು ಇಂದಿಗೂ ಅಲ್ಲಿ ಪ್ರಚಲಿತವಾಗಿದೆ. ಐದು ವರ್ಷಗಳ ಸನ್ನದು ದೊರೆಯಿತು. 1843ರ ಆಗಸ್ಟ್ 15ರಂದು ಉದ್ಯಾನ ತೆರೆಯಿತು. ಹಳೆಯ ಕಂದಕದ ಒಂದು ತುಂಡೇ ಇಂದು ಟಿವೊಲಿಯ ಕೊಳ. ಶತ್ರುವನ್ನು ತಡೆಯಲು ತೋಡಿದ ನೀರಿನಲ್ಲಿ ಬಣ್ಣದ ದೀಪಗಳು ಮುಖ ನೋಡಿಕೊಳ್ಳುತ್ತಿವೆ.

ದೊರೆಗೆ ಹೇಳಿದ ಆ ಮಾತು ಎಷ್ಟರಮಟ್ಟಿಗೆ ನಿಜವಾಯಿತು? ಚರಿತ್ರೆಯ ವಿನೋದಬುದ್ಧಿ ಇಲ್ಲಿ ಕಾಣುತ್ತದೆ. ಸನ್ನದಿನ ಐದು ವರ್ಷ ತುಂಬಿದ್ದು 1848ರಲ್ಲಿ. ಆ ವರ್ಷದ ಜನವರಿಯಲ್ಲಿ ದೊರೆ ತೀರಿಕೊಂಡ. ಮಾರ್ಚಿಯಲ್ಲಿ ಕೋಪನ್‌ಹೇಗನ್ನಿನ ಪ್ರಜೆಗಳು ಮೆರವಣಿಗೆಯಲ್ಲಿ ಅರಮನೆಗೆ ನಡೆದು ಹೊಸ ಆಡಳಿತವನ್ನು ಕೇಳಿದರು. 1849ರ ಜೂನ್ 5ರಂದು ದೇಶಕ್ಕೆ ಸಂವಿಧಾನ ಬಂದಿತು. ಐದು ಬೇಸಗೆಗಳ ಕಾಲ ಟಿವೊಲಿಯಲ್ಲಿ ನಕ್ಕು ನಲಿದ ಜನರೇ ಇವರು. ನಲಿವು ಅವರನ್ನು ಮಂಕುಗೊಳಿಸಲಿಲ್ಲ. ಟಿವೊಲಿಯಿಂದಲೇ ಸಂವಿಧಾನ ಹುಟ್ಟಿತೆಂದು ಹೇಳುವ ಸಾಹಸವನ್ನು ನಾನು ಮಾಡಲಾರೆ. ಆದರೆ ವರ್ತಕನೂ ಕೂಲಿಯವನೂ, ಅಧಿಕಾರಿಯ ಹೆಂಡತಿಯೂ ಮನೆಗೆಲಸದ ಹುಡುಗಿಯೂ ಒಂದೇ ದಾರಿಯಲ್ಲಿ ನಡೆದು, ಒಂದೇ ವಾದ್ಯಮೇಳವನ್ನು ಕೇಳುವ ಎಡೆಯೊಂದು ಊರಿಗೆ ದೊರೆತುದು ಸಣ್ಣ ಸಂಗತಿಯಲ್ಲ.

ಕಾರ್ಸ್ಟೆನ್ಸನ್ನನಿಗೆ ತನ್ನ ತೋಟದ ನೆರಳು ಬಹುಕಾಲ ದಕ್ಕಲಿಲ್ಲ. 1848ರ ಯುದ್ಧಕ್ಕೆ ಅಧಿಕಾರಿಯಾಗಿ ಹೋದವನಿಗೂ ಟಿವೊಲಿಯ ಆಡಳಿತ ಮಂಡಲಿಗೂ ವಿರಸ ಬೆಳೆಯಿತು. ಮುಂದೆ ಅಮೆರಿಕಕ್ಕೆ ಹೋಗಿ 1853ರ ನ್ಯೂಯಾರ್ಕ್ ವಸ್ತುಪ್ರದರ್ಶನದ ಸ್ಫಟಿಕಭವನದ ಶಿಲ್ಪಿಗಳಲ್ಲಿ ಒಬ್ಬನಾದ. ಹಿಂದಿರುಗಿ ಬಂದು, 1857ರಲ್ಲಿ, ನಾಲ್ವತ್ತನಾಲ್ಕರ ವಯಸ್ಸಿನಲ್ಲಿ ತೀರಿಕೊಂಡ. ಟಿವೊಲಿ ಎಂದೂ ಪೂರ್ತಿಯಾಗಿ ಮುಗಿದು ನಿಲ್ಲದೆಂದು ಅವನು ಹೇಳುತ್ತಿದ್ದನಂತೆ.

ಒಳಗೆ ಕಂಡುದು

ಬಾಗಿಲನ್ನು ದಾಟಿದೊಡನೆ ಮೊದಲು ಬದಲಾಗುವುದು ಸದ್ದು. ಹೊರಗೆ ಬಸ್ಸು, ಸೈಕಲ್ಲು, ಅವಸರದ ಹೆಜ್ಜೆಗಳು. ಒಳಗೆ ಜನ ಮೆಲ್ಲನೆ ನಡೆಯುತ್ತಾರೆ. ಕೊಳದ ಸುತ್ತಲಿನ ಎಲೆಯುದುರಿದ ಮರಗಳ ಕೊಂಬೆಕೊಂಬೆಗೂ ಸಣ್ಣ ದೀಪಗಳ ಸರ ಸುತ್ತಿದ್ದಾರೆ. ನೀರಿಗೆ ಬಾಗಿದ ರೆಂಬೆಗಳ ಬೆಳಕು ನೀರಿನೊಳಗಿನ ಬೆಳಕನ್ನು ಮುಟ್ಟುವಂತೆ ತೋರುತ್ತದೆ. ಸಾಲಾಗಿ ಮರದ ಗುಡಿಸಲಂಗಡಿಗಳು. ಅವುಗಳ ಮಾಡಿನ ಮೇಲೆ ಹತ್ತಿಯಂಥ ಕೃತಕ ಹಿಮ. ಕೆಂಪು ಟೊಪ್ಪಿಗೆಯ, ತುಂಟ ಮುಖದ ಮರದ ಬೊಂಬೆಗಳು ಮೂಲೆಮೂಲೆಯಲ್ಲಿ ಇಣುಕುತ್ತವೆ. ಇವಕ್ಕೆ 'ನಿಸ್ಸೆ' ಎಂದು ಹೆಸರು. ಡೇನರ ಜನಪದ ನಂಬಿಕೆಯಂತೆ ನಿಸ್ಸೆ ರೈತನ ಅಟ್ಟದಲ್ಲಿ ವಾಸಿಸುವ ಮನೆಕಾವಲಿನ ಕುಳ್ಳ. ಕ್ರಿಸ್ಮಸ್ ರಾತ್ರಿ ಅವನಿಗೆ ಬೆಣ್ಣೆ ಹಾಕಿದ ಗಂಜಿ ಇಡದಿದ್ದರೆ ಮುನಿದು ಕೀಟಲೆ ಮಾಡುತ್ತಾನೆ. ನಮ್ಮ ಹಳ್ಳಿಗಳ ಭೂತಗಳಿಗೂ ಎಡೆ ತಪ್ಪಿದರೆ ಇದೇ ಸಿಟ್ಟು ಬರುವುದಲ್ಲವೆ?

ಒಂದು ಅಂಗಡಿಯ ಮುಂದೆ ನನಗೆ ಆಶ್ಚರ್ಯ ಕಾದಿತ್ತು. ಕಬ್ಬಿಣದ ಕಾವಲಿಯಲ್ಲಿ ಸಾಲುಸಾಲು ಗುಳಿಗಳು. ಆ ಗುಳಿಗಳಿಗೆ ಹಿಟ್ಟು ಹೊಯ್ದು, ಕಡ್ಡಿಯಿಂದ ತಿರುವಿ, ಉಂಡೆಯುಂಡೆಯಾಗಿ ಬೇಯಿಸುತ್ತಿದ್ದರು. ಇದು ನಮ್ಮ ಗುಳಿಯಪ್ಪವಲ್ಲದೆ ಬೇರೆಯಲ್ಲ! ಅವರು ಅದನ್ನು 'ಏಬ್ಲೆಸ್ಕಿವರ್' ಎನ್ನುತ್ತಾರೆ. ಗೋದಿಹಿಟ್ಟು, ಮೊಟ್ಟೆ, ಮಜ್ಜಿಗೆಗಳಿಂದ ಮಾಡಿ ಸಕ್ಕರೆಯ ಪುಡಿ, ಹಣ್ಣಿನ ಪಾಕಗಳೊಡನೆ ಬಡಿಸುತ್ತಾರೆ. ಹಿಟ್ಟಿಗೆ ಕೆಲವರು ಏಲಕ್ಕಿಯನ್ನೂ ಬೆರೆಸುವುದುಂಟು. ಪಕ್ಕದಲ್ಲಿಯೇ ಏಲಕ್ಕಿ, ಲವಂಗ, ಚಕ್ಕೆಗಳನ್ನು ಹಾಕಿ ಕಾಯಿಸಿದ ದ್ರಾಕ್ಷಾರಸದ ಹಂಡೆ. ಆ ಪರಿಮಳವನ್ನು ಮಲೆನಾಡಿನವರು ಕಣ್ಣು ಮುಚ್ಚಿಕೊಂಡು ಗುರುತಿಸಿಯಾರು. ಒಂದು ಮಾತನ್ನು ಇಲ್ಲಿ ನೆನೆಯಬೇಕು. 1620ರಿಂದ 1845ರವರೆಗೆ ತಮಿಳು ಕರಾವಳಿಯ ತರಂಗಂಬಾಡಿ ಡೇನರ ವಶದಲ್ಲಿತ್ತು. ಅವರು ಅಲ್ಲಿಗೆ ಬಂದುದೇ ಸಂಬಾರ ಪದಾರ್ಥಗಳ ವ್ಯಾಪಾರಕ್ಕೆ. ಟಿವೊಲಿಯ ಬಾಗಿಲು ತೆರೆದ ಎರಡು ವರ್ಷಕ್ಕೆ ಆ ಊರನ್ನು ಇಂಗ್ಲಿಷರಿಗೆ ಮಾರಿ ಅವರು ಹಿಂದಿರುಗಿದರು. ಏಲಕ್ಕಿಯ ರುಚಿ ಮಾತ್ರ ಅವರ ಅಡಿಗೆಮನೆಯಲ್ಲಿ ಉಳಿದಿದೆ.

ಆಟದ ಯಂತ್ರಗಳನ್ನು ಒಂದೊಂದಾಗಿ ವರ್ಣಿಸುವುದು ಬೇಡ. ಎಂಬತ್ತು ಮೀಟರ್ ಎತ್ತರದಲ್ಲಿ ಗಿರ್ರನೆ ತಿರುಗುವ ಉಯ್ಯಾಲೆಯನ್ನು ನೆಲದ ಮೇಲೆ ನಿಂತು ನೋಡಿಯೇ ನಾನು ತೃಪ್ತನಾದೆ. ಆದರೆ 1914ರಲ್ಲಿ ಕಟ್ಟಿದ ಮರದ ಬೆಟ್ಟದ ರೈಲನ್ನು ಹೆಸರಿಸದೆ ಬಿಡುವಂತಿಲ್ಲ. ಜಗತ್ತಿನಲ್ಲಿ ಇಂದಿಗೂ ಓಡುತ್ತಿರುವ ಇಂಥ ರೈಲುಗಳಲ್ಲಿ ತೀರ ಹಳೆಯವುಗಳ ಸಾಲಿಗೆ ಅದು ಸೇರುತ್ತದೆ. ಅದರ ವಿಶೇಷವೆಂದರೆ, ಪ್ರತಿಯೊಂದು ಬಂಡಿಸಾಲಿನಲ್ಲಿಯೂ ಒಬ್ಬ ಮನುಷ್ಯ ಕುಳಿತಿರುತ್ತಾನೆ. ಇಳಿಜಾರಿನಲ್ಲಿ ವೇಗ ಮೀರದಂತೆ ಕೈಯಿಂದಲೇ ತಡೆಹಿಡಿಯುವುದು ಅವನ ಕೆಲಸ. ಮಿಕ್ಕೆಲ್ಲ ಯಂತ್ರಗಳೂ ತಮ್ಮಷ್ಟಕ್ಕೆ ತಾವು ಓಡುವ ಈ ಕಾಲದಲ್ಲಿ, ಮಕ್ಕಳು ಚೀರಿ ನಗುವ ಆ ಬಂಡಿಯನ್ನು ಮನುಷ್ಯನ ತೋಳೊಂದು ಕಾಯುತ್ತಿರುವುದನ್ನು ಕಂಡು ನನಗೆ ಸಮಾಧಾನವಾಯಿತು.

ಪ್ರವೇಶದ ಹಣ ಬೇರೆ, ಆಟಗಳ ಹಣ ಬೇರೆ ಎಂಬ ಏರ್ಪಾಡು ಅಲ್ಲಿದೆ. ಹೀಗಾಗಿ ಆಟವಾಡುವ ಮೊಮ್ಮಕ್ಕಳ ಜತೆಗೆ ಸುಮ್ಮನೆ ಅಡ್ಡಾಡುವ ಅಜ್ಜ ಅಜ್ಜಿಯರೂ ಬರುತ್ತಾರೆ. ಅಂದು ನಾನು ಕಂಡವರಲ್ಲಿ ಅರ್ಧ ಪಾಲು ಜನ ಯಾವ ಯಂತ್ರವನ್ನೂ ಏರಲಿಲ್ಲ. ಬೆಂಕಿ ಹಾಕಿದ ಕುಂಡಗಳ ಸುತ್ತ ಕೈ ಕಾಯಿಸುತ್ತ, ಕೊಳದ ದಂಡೆಯ ಮೇಲೆ ನಿಂತು, ಮಾತಾಡುತ್ತಲೋ ಮಾತಾಡದೆಯೋ ಹೊತ್ತು ಕಳೆದರು.

ಇದೆಲ್ಲವನ್ನೂ ನೋಡುವವನು ಈ ಚಳಿಗಾಲದ ದೀಪೋತ್ಸವವೂ ಟಿವೊಲಿಯಷ್ಟೇ ಪುರಾತನವೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ನಿಜವಾಗಿ ಅದು ಆರಂಭವಾದುದು 1994ರಲ್ಲಿ. ಅದಕ್ಕೆ ಹಿಂದಿನ ನೂರೈವತ್ತು ವರ್ಷ ಟಿವೊಲಿ ಬೇಸಗೆಯ ತೋಟವಾಗಿತ್ತು. ರಾತ್ರಿ ಹತ್ತಾದರೂ ಬಾನಿನಲ್ಲಿ ಬೆಳಕುಳಿಯುವ ಜೂನ್ ತಿಂಗಳಿನಲ್ಲಿ ಅದರ ದೀಪಗಳು ಉರಿಯುತ್ತಿದ್ದವು. ದೀಪ ನಿಜವಾಗಿ ಬೇಕಾದ ಡಿಸೆಂಬರಿನಲ್ಲಿ ಬಾಗಿಲಿಗೆ ಬೀಗ, ಒಳಗೆ ಕತ್ತಲೆ. ವ್ಯಾಪಾರದ ಲೆಕ್ಕಾಚಾರವೂ ಈ ಹೊಸ ಏರ್ಪಾಡಿಗೆ ಕಾರಣವಾಗಿದ್ದೀತು. ಇದ್ದರೇನು? ಅಂದು ಮೊದಲ ಸಲ ತಂದೆಯ ಹೆಗಲ ಮೇಲೆ ಕುಳಿತು ದೀಪ ನೋಡಿದ ಮಕ್ಕಳು ಇಂದು ತಮ್ಮ ಮಕ್ಕಳನ್ನು ಹೆಗಲ ಮೇಲೆ ಹೊತ್ತು ತರುತ್ತಿದ್ದಾರೆ. ಸಂಪ್ರದಾಯವೆಂದರೆ ಅನಾದಿಯಿಂದ ಇಳಿದುಬಂದುದೆಂದು ನಾವು ತರಗತಿಗಳಲ್ಲಿ ಹೇಳುತ್ತಿರುತ್ತೇವೆ. ಜನರಿಗೆ ಬೇಕಾದುದು ಸಿಕ್ಕರೆ ಮೂವತ್ತು ವರ್ಷಗಳಲ್ಲಿಯೂ ಒಂದು ಸಂಪ್ರದಾಯ ಬೇರೂರಬಲ್ಲುದು.

ಕಣ್ಣಿಗೆ ಕುಕ್ಕದ ಬೆಳಕು

ಟಿವೊಲಿಯ ದೀಪಗಳಲ್ಲಿ ಒಂದು ಗುಣವನ್ನು ನಾನು ಬೇಗನೆ ಗಮನಿಸಿದೆ. ಲಕ್ಷಕ್ಕೂ ಮೀರಿದ ದೀಪಗಳಿದ್ದರೂ ಯಾವುದೂ ಕಣ್ಣಿಗೆ ಕುಕ್ಕುವುದಿಲ್ಲ. ನಮ್ಮ ಮೈಸೂರು ಅರಮನೆಯ ಮೇಲಣ ಬಲ್ಬುಗಳೂ ಸಂಖ್ಯೆಯಲ್ಲಿ ಲಕ್ಷದ ಹತ್ತಿರವೇ ಇವೆ. ಅಲ್ಲಿ ದಸರೆಯ ರಾತ್ರಿ ಒಂದೇ ಕ್ಷಣದಲ್ಲಿ ಎಲ್ಲವೂ ಹೊತ್ತಿಕೊಂಡಾಗ ಗೋಪುರ ಕಮಾನುಗಳ ರೇಖೆಗಳು ಬಾನಿನ ಮೇಲೆ ಬರೆದಂತೆ ಮೂಡಿ, ನೆರೆದ ಜನಸಾಗರದಿಂದ ಒಂದೇ ಉದ್ಗಾರ ಹೊರಡುತ್ತದೆ. ಅದು ದೂರದಿಂದ, ಒಟ್ಟಾಗಿ, ತಲೆಯೆತ್ತಿ ನೋಡುವ ಬೆಳಕು. ಟಿವೊಲಿಯದು ಒಳಗೆ ನಡೆದಾಡುವ ಬೆಳಕು. ದೀಪವನ್ನಲ್ಲ, ದೀಪದಿಂದ ಕಾಣುವ ಮುಖವನ್ನೂ ಮರವನ್ನೂ ನೋಡೆಂದು ಅದು ಹೇಳುತ್ತದೆ.

ಈ ದೃಷ್ಟಿಯನ್ನು ಡೇನರಿಗೆ ಕಲಿಸಿದವರಲ್ಲಿ ಮುಖ್ಯನಾದವನು ಪಾಲ್ ಹೆನ್ನಿಂಗ್‌ಸೆನ್ ಎಂಬ ವಾಸ್ತುಶಿಲ್ಪಿ. 1894ರಿಂದ 1967ರವರೆಗೆ ಬಾಳಿದ ಈತ ಮೊನಚು ಮಾತಿನ ಬರೆಹಗಾರನೂ ಹೌದು. ವಿದ್ಯುತ್ತು ಮನೆಮನೆಗೆ ಬಂದ ಮೇಲೆ ಬೆಳಕು ಹೆಚ್ಚಾಯಿತೇ ಹೊರತು ಹಿತ ಹೆಚ್ಚಲಿಲ್ಲವೆಂಬುದು ಅವನ ಕೊರಗು. ಉರಿಯುವ ತಂತಿ ಯಾವ ಕೋನದಿಂದಲೂ ಕಣ್ಣಿಗೆ ಬೀಳದಂತೆ, ಒಂದರ ಮೇಲೊಂದು ಬಾಗಿದ ತಗಡಿನ ಮರೆಗಳನ್ನು ಜೋಡಿಸಿ, ಬೆಳಕು ಮಾತ್ರ ಮೆಲ್ಲನೆ ಕೆಳಗಿಳಿಯುವ ದೀಪಗಳನ್ನು ಅವನು 1920ರ ದಶಕದಲ್ಲಿ ರಚಿಸಿದ. ಇಂದಿಗೂ ಡೆನ್ಮಾರ್ಕಿನ ಎಷ್ಟೋ ಮನೆಗಳ ಊಟದ ಮೇಜಿನ ಮೇಲೆ ಅವನ ದೀಪ ತೂಗುತ್ತದೆ.

1940ರ ಏಪ್ರಿಲಿನಲ್ಲಿ ಜರ್ಮನ್ ಸೈನ್ಯ ಡೆನ್ಮಾರ್ಕನ್ನು ಆಕ್ರಮಿಸಿತು. ರಾತ್ರಿ ಯಾವ ಬೆಳಕೂ ಆಕಾಶಕ್ಕೆ ಕಾಣಬಾರದೆಂದು ಆಜ್ಞೆಯಾಯಿತು. ದೀಪವೇ ಜೀವವಾದ ಟಿವೊಲಿಗೆ ಇದಕ್ಕಿಂತ ಕಠಿಣವಾದ ಶಿಕ್ಷೆ ಇನ್ನಾವುದು? ಆ ವರ್ಷಗಳಲ್ಲಿ ಅದರ ವಾಸ್ತುಶಿಲ್ಪಿಯಾಗಿದ್ದವನು ಈ ಹೆನ್ನಿಂಗ್‌ಸೆನ್. ಮೇಲಿನಿಂದ ನೋಡಿದರೆ ಕಾಣದ, ಕೆಳಗೆ ನಡೆಯುವವರಿಗೆ ಮಾತ್ರ ದಾರಿ ತೋರುವ ದೀಪವನ್ನು ಅವನು ರೂಪಿಸಿದ. ವಿಮಾನದ ಕಣ್ಣಿಗೆ ಕತ್ತಲೆಯಾಗಿಯೇ ಉಳಿದು, ಟಿವೊಲಿ ಇರುಳಿನಲ್ಲಿಯೂ ಜನರಿಗೆ ತೆರೆದಿತ್ತು. ಬೆಳಕನ್ನು ಮೆರೆಸುವುದಕ್ಕಿಂತ ಉಳಿಸಿಕೊಳ್ಳುವುದು ದೊಡ್ಡ ವಿದ್ಯೆಯಾದ ಕಾಲ ಅದು. 1943ರಲ್ಲಿ ಹೆನ್ನಿಂಗ್‌ಸೆನ್ ತಾನೇ ದೇಶ ಬಿಟ್ಟು ಸ್ವೀಡನ್ನಿಗೆ ಪಾರಾಗಬೇಕಾಯಿತು.

ಎರಡು ಕಥೆಗಳು

ಟಿವೊಲಿಯ ಪಕ್ಕದ ಹೆದ್ದಾರಿಗೆ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ನನ ಹೆಸರು. ಪುರಭವನದ ಬಳಿ ಅವನ ಕಂಚಿನ ವಿಗ್ರಹ ಕುಳಿತಿದೆ. ಅದರ ಮುಖ ಟಿವೊಲಿಯ ಕಡೆಗೆ ತಿರುಗಿದೆ. ಈ ನೋಟಕ್ಕೆ ಅರ್ಥವುಂಟು.

ಟಿವೊಲಿ ತೆರೆದ ವರ್ಷವೇ, 1843ರ ಅಕ್ಟೋಬರಿನಲ್ಲಿ, ಆಂಡರ್ಸನ್ ಅಲ್ಲಿಗೆ ಹೋಗಿದ್ದ. ಚೀನಾದೇಶದ ಕಥೆಯೊಂದನ್ನು ಅಂದೇ ಮೊದಲು ಮಾಡಿದುದಾಗಿ ದಿನಚರಿಯಲ್ಲಿ ಗುರುತು ಹಾಕಿಕೊಂಡಿದ್ದಾನೆ. ಅದೇ 'ನೈಟಿಂಗೇಲ್' ಎಂಬ ಗಾನಪಕ್ಷಿಯ ಕಥೆ. ಚಕ್ರವರ್ತಿಯ ತೋಟದಲ್ಲಿ ಮುದ್ದಾಗಿ ಹಾಡುವ ಸಾಧಾರಣ ಬಣ್ಣದ ಹಕ್ಕಿಯೊಂದಿರುತ್ತದೆ. ಚಕ್ರವರ್ತಿಗೆ ಯಾರೋ ರತ್ನ ಕೆತ್ತಿದ ಯಂತ್ರದ ಹಕ್ಕಿಯೊಂದನ್ನು ಕಾಣಿಕೆ ಕಳಿಸುತ್ತಾರೆ. ಆಸ್ಥಾನವೆಲ್ಲ ಅದಕ್ಕೆ ಮರುಳಾಗುತ್ತದೆ. ನಿಜದ ಹಕ್ಕಿ ಹಾರಿಹೋಗುತ್ತದೆ. ಮುಂದೊಂದು ದಿನ ಯಂತ್ರ ಕೆಡುತ್ತದೆ. ಮೃತ್ಯು ಬಂದು ಎದೆಯ ಮೇಲೆ ಕುಳಿತಾಗ ಚಕ್ರವರ್ತಿಯನ್ನು ಉಳಿಸಲು ಹಾಡುತ್ತ ಬರುವುದು ಆ ನಿಜದ ಹಕ್ಕಿಯೇ. ಆ ಶರತ್ಕಾಲದಲ್ಲಿ ಕೋಪನ್‌ಹೇಗನ್ನಿನಲ್ಲಿ ಹಾಡಿದ ಸ್ವೀಡನ್ನಿನ ಗಾಯಕಿ ಜೆನ್ನಿ ಲಿಂಡಳ ಕಂಠವೂ ಈ ಕಥೆಯ ಹಿಂದಿದೆಯೆಂದು ವಿದ್ವಾಂಸರು ಹೇಳುತ್ತಾರೆ. ಅದು ಹೇಗೇ ಇರಲಿ, ಬಣ್ಣದ ಕಾಗದ, ಬಾಣಬಿರುಸು, ತಿರುಗುವ ಮರದ ಕುದುರೆಗಳ ತೋಟದಲ್ಲಿ ಕುಳಿತು ಕವಿಯ ಮನಸ್ಸು ಯಂತ್ರದ ಸೊಗಸಿಗೂ ಜೀವದ ಸೊಗಸಿಗೂ ಇರುವ ಅಂತರವನ್ನು ಧ್ಯಾನಿಸಿತೆಂಬುದು ಗಮನಾರ್ಹವಾದುದು. ಟಿವೊಲಿಯನ್ನು ಅವನು ಹಳಿಯಲಿಲ್ಲ. ಅದರಿಂದ ಬೆರಗನ್ನೂ ಪಡೆದ, ಎಚ್ಚರವನ್ನೂ ಪಡೆದ.

ಎರಡು ವರ್ಷ ಕಳೆದು, 1845ರಲ್ಲಿ, ಆಂಡರ್ಸನ್ ಇನ್ನೊಂದು ಕಥೆಯನ್ನು ಬರೆದ. ವರ್ಷದ ಕೊನೆಯ ರಾತ್ರಿ, ಬರಿಗಾಲಿನಲ್ಲಿ, ಹಿಮದಲ್ಲಿ ಬೆಂಕಿಕಡ್ಡಿ ಮಾರುವ ಪುಟ್ಟ ಹುಡುಗಿಯ ಕಥೆ ಅದು. ಯಾರೂ ಕೊಳ್ಳದ ಕಡ್ಡಿಗಳನ್ನು ಒಂದೊಂದಾಗಿ ಗೀರಿ, ಆ ಕ್ಷಣದ ಬೆಳಕಿನಲ್ಲಿ ಅವಳು ಬೆಚ್ಚನೆಯ ಒಲೆಯನ್ನೂ ಸಾವಿರ ದೀಪಗಳ ಕ್ರಿಸ್ಮಸ್ ಮರವನ್ನೂ ಕಾಣುತ್ತಾಳೆ. ಕೊನೆಗೆ ತೀರಿಹೋದ ಅಜ್ಜಿಯನ್ನು ಕಾಣುತ್ತಾಳೆ. ಬೆಳಗಾದಾಗ ಗೋಡೆಯ ಮೂಲೆಯಲ್ಲಿ ಸುಟ್ಟ ಕಡ್ಡಿಗಳ ನಡುವೆ ಅವಳ ಹೆಣ. ಆಂಡರ್ಸನ್ ಚಮ್ಮಾರನ ಮಗ. ಅವನ ತಾಯಿಯನ್ನು ಬಾಲ್ಯದಲ್ಲಿ ಮನೆಯವರು ಭಿಕ್ಷೆಗೆ ಅಟ್ಟುತ್ತಿದ್ದರು. ದೀಪದ ಮರವನ್ನು ಕಿಟಕಿಯ ಹೊರಗಿನಿಂದ ನೋಡುವವರ ಕಣ್ಣು ಅವನಿಗೆ ಕಲ್ಪನೆಯಿಂದ ಮಾತ್ರ ಬಂದುದಲ್ಲ.

ಈ ಎರಡು ಕಥೆಗಳನ್ನೂ ಜತೆಯಲ್ಲಿಟ್ಟುಕೊಂಡು ದೀಪೋದ್ಯಾನವನ್ನು ನೋಡಬೇಕೆಂದು ನನಗೆ ತೋರುತ್ತದೆ. ಈ ಬೆಳಕಿನಲ್ಲಿ ಜೀವವಿದೆಯೆ, ಬರಿಯ ಯಂತ್ರವೆ ಎಂದು ಮೊದಲನೆಯದು ಕೇಳುತ್ತದೆ. ಬಾಗಿಲಿನ ಹೊರಗೆ ಯಾರು ನಿಂತಿದ್ದಾರೆಂದು ಎರಡನೆಯದು ಕೇಳುತ್ತದೆ. ಟಿವೊಲಿ ಧರ್ಮಛತ್ರವಲ್ಲ, ವ್ಯಾಪಾರದ ಸಂಸ್ಥೆ. ಟಿಕೀಟಿಲ್ಲದೆ ಒಳಗೆ ಬಿಡುವುದಿಲ್ಲ. ಡೆನ್ಮಾರ್ಕಿನಂಥ ಅನುಕೂಲವಂತ ದೇಶದಲ್ಲಿಯೂ ಟಿಕೀಟಿನ ಲೆಕ್ಕ ಹಾಕಿ ಹಿಂದೆ ಸರಿಯುವ ತಾಯಿಯೊಬ್ಬಳು ಇರದೆ ಹೋಗುವುದಿಲ್ಲ. 1951ರಲ್ಲಿ ಅಮೆರಿಕದ ವಾಲ್ಟ್ ಡಿಸ್ನಿ ಇಲ್ಲಿಗೆ ಬಂದು, ದೀಪಗಳನ್ನೂ ಹೂವಿನ ಪಾತಿಗಳನ್ನೂ ಅಚ್ಚುಕಟ್ಟನ್ನೂ ಗಮನವಿಟ್ಟು ನೋಡಿ ಹೋದ. 1955ರಲ್ಲಿ ಅವನ ಡಿಸ್ನಿಲ್ಯಾಂಡ್ ತೆರೆಯಿತು. ಅಂದಿನಿಂದ ವಿನೋದೋದ್ಯಾನಗಳು ಜಗತ್ತಿನಲ್ಲೆಲ್ಲ ದೊಡ್ಡ ಉದ್ಯಮವಾಗಿ ಬೆಳೆದಿವೆ. ಊರಿನಿಂದ ಹತ್ತಾರು ಮೈಲಿ ದೂರದ ಬಯಲಿನಲ್ಲಿ, ಕಾರಿನಲ್ಲಿ ಬಂದವರಿಗೆಂದು, ಅವು ತಲೆಯೆತ್ತುತ್ತವೆ. ಟಿವೊಲಿಯಾದರೋ ಊರಿನ ನಡುವೆಯೇ ಉಳಿದಿದೆ. ಕೆಲಸ ಮುಗಿಸಿ ರೈಲಿಗೆ ಓಡುವವನ ಕಣ್ಣಿಗೂ ಅದರ ಬೇಲಿಯ ಮೇಲಿನಿಂದ ದೀಪ ಬೀಳುತ್ತದೆ. ಬೆಟ್ಟದ ರೈಲಿನಲ್ಲಿ ಕುಳಿತ ಮಕ್ಕಳ ಕೇಕೆ ರಸ್ತೆಗೂ ಕೇಳುತ್ತದೆ. ಇಷ್ಟೇ ಸಾಲದೆಂಬುದು ನಿಜ. ಆದರೂ ಇದು ಇಲ್ಲದುದಕ್ಕಿಂತ ಮೇಲು.

ಸುಟ್ಟವರೂ ಹಚ್ಚಿದವರೂ

ವಿನೋದವು ಜನರನ್ನು ಮಲಗಿಸುತ್ತದೆಂಬ ಹಳೆಯ ವಾದಕ್ಕೆ ಅತ್ಯಂತ ಸ್ಪಷ್ಟವಾದ ಉತ್ತರ ದೊರೆತುದು 1944ರ ಜೂನಿನಲ್ಲಿ. ಆಕ್ರಮಣದ ವಿರುದ್ಧ ಡೇನರ ಗುಪ್ತ ಹೋರಾಟ ಬಲಗೊಳ್ಳುತ್ತಿತ್ತು. ಪ್ರತೀಕಾರಕ್ಕಾಗಿ ನಾಜಿಗಳೂ ಅವರ ಕೂಡಿಕೊಂಡ ಡೇನರೂ ಜನರಿಗೆ ಪ್ರಿಯವಾದುದನ್ನೇ ಆರಿಸಿ ನಾಶಮಾಡತೊಡಗಿದರು. ಜೂನ್ 25ರಂದು ಟಿವೊಲಿಗೆ ಸ್ಫೋಟಕಗಳನ್ನಿಟ್ಟರು. ಸಂಗೀತ ಮಂದಿರವೂ ಇನ್ನು ಕೆಲವು ಕಟ್ಟಡಗಳೂ ಸುಟ್ಟು ಬೂದಿಯಾದವು. ಟಿವೊಲಿಯಲ್ಲಿ ಶಸ್ತ್ರಾಸ್ತ್ರಗಳ ಕಾರ್ಖಾನೆಯಿರಲಿಲ್ಲ, ಸೇನೆಯಿರಲಿಲ್ಲ. ಇದ್ದುದು ವಾದ್ಯಗಳು, ಕುದುರೆಚಕ್ರಗಳು, ದೀಪಗಳು. ಇವುಗಳನ್ನು ಸುಟ್ಟರೆ ಒಂದು ಜನಾಂಗದ ಬೆನ್ನು ಮುರಿದೀತೆಂದು ಲೆಕ್ಕ ಹಾಕಿದರಲ್ಲ, ಜನರ ನಲಿವು ಎಷ್ಟು ಬಲವಾದುದೆಂದು ಶತ್ರುವೇ ಒಪ್ಪಿಕೊಂಡಂತಾಯಿತು.

ಲೆಕ್ಕ ತಪ್ಪಿತು. ಅದೇ ವಾರ ಕೋಪನ್‌ಹೇಗನ್ನಿನಲ್ಲಿ ಕೆಲಸಗಾರರ ಮಹಾಮುಷ್ಕರ ಆರಂಭವಾಯಿತು. ಸಂಜೆಯ ಮೇಲೆ ಹೊರಗೆ ಸುಳಿಯಬಾರದೆಂಬ ನಿರ್ಬಂಧವಿರುವುದರಿಂದ, ತಮ್ಮ ಕಾಯಿಪಲ್ಲೆಯ ತೋಟಗಳನ್ನು ಹಗಲಿನಲ್ಲಿಯೇ ನೋಡಿಕೊಳ್ಳಬೇಕಾಗಿದೆಯೆಂದು ಹೇಳಿ ಹಡಗುಕಟ್ಟೆಯ ಕೆಲಸಗಾರರು ಮಧ್ಯಾಹ್ನವೇ ಹೊರಟುಬಿಟ್ಟರು! ಊರಿಗೆ ಊರೇ ಅವರ ಹಿಂದೆ ನಿಂತಿತು. ಟಿವೊಲಿಯಾದರೂ ಕೆಲವೇ ವಾರಗಳಲ್ಲಿ, ಸುಟ್ಟ ಕಟ್ಟಡಗಳ ನಡುವೆಯೇ, ಮತ್ತೆ ಬಾಗಿಲು ತೆರೆಯಿತು. ಹೊಸ ಸಂಗೀತ ಮಂದಿರ ಮಾತ್ರ 1956ರವರೆಗೆ ಕಾಯಬೇಕಾಯಿತು.

1945ರ ಮೇ 4ರ ಸಂಜೆ, ಡೆನ್ಮಾರ್ಕಿನಲ್ಲಿರುವ ಜರ್ಮನ್ ಸೈನ್ಯ ಶರಣಾಗಿದೆಯೆಂಬ ಸುದ್ದಿ ಲಂಡನ್ನಿನ ಬಾನುಲಿಯಿಂದ ಬಂದಿತು. ಐದು ವರ್ಷ ಕಿಟಕಿಗಳಿಗೆ ಕಟ್ಟಿದ್ದ ಕಪ್ಪು ಪರದೆಗಳನ್ನು ಜನ ಕಿತ್ತೆಸೆದರು. ಬೀದಿಗೆ ಬೆಳಕು ಬೀಳಲೆಂದು ಕಿಟಕಿಗಳಲ್ಲಿ ಮೇಣದ ಬತ್ತಿಗಳನ್ನು ಹಚ್ಚಿಟ್ಟರು. ಇಂದಿಗೂ ಪ್ರತಿವರ್ಷ ಆ ದಿನದ ಸಂಜೆ ಅನೇಕ ಡೇನರ ಮನೆಗಳ ಕಿಟಕಿಯಲ್ಲಿ ಬತ್ತಿ ಉರಿಯುತ್ತದೆ. ಕೋಣೆಯೊಳಗೆ ಅದರಿಂದ ಪ್ರಯೋಜನವಿಲ್ಲ. ಅದು ಹೊರಗೆ ನಡೆಯುವವರಿಗಾಗಿ, ಹೆಸರು ಗೊತ್ತಿಲ್ಲದ ದಾರಿಹೋಕರಿಗಾಗಿ ಹಚ್ಚಿದ ದೀಪ. ಬೆಂಕಿಕಡ್ಡಿಯ ಹುಡುಗಿಗೆ ಅಂದು ದೊರೆಯದೆ ಹೋದುದು ಇಂಥ ಒಂದು ಕಿಟಕಿ.

ಕಾರ್ತಿಕದಲ್ಲಿ ನಮ್ಮ ಹೆಂಗಸರು ಹೊಸ್ತಿಲ ಹೊರಗೆ ಹಣತೆ ಇಡುತ್ತಾರೆ. ಮನೆಯೊಳಗೆ ವಿದ್ಯುದ್ದೀಪಗಳಿದ್ದರೂ ಹಣತೆಯ ಜಾಗ ಹೊರಗೆಯೇ. ಎರಡು ದೂರದ ನಾಡುಗಳ ಜನ, ಒಬ್ಬರನ್ನೊಬ್ಬರು ಕೇಳದೆ, ಒಂದೇ ತಿಳಿವಿಗೆ ಬಂದಿದ್ದಾರೆ. ದೊಡ್ಡ ದೀಪೋದ್ಯಾನಗಳೂ ಈ ತಿಳಿವನ್ನು ಮರೆಯದಿರುವಷ್ಟು ಕಾಲ ಅವುಗಳಲ್ಲಿ ಜೀವವಿರುತ್ತದೆ. ಮರೆತ ದಿನ ಲಕ್ಷ ದೀಪಗಳಿದ್ದರೂ ಅವು ಚಕ್ರವರ್ತಿಯ ಯಂತ್ರದ ಹಕ್ಕಿಯಾಗಿಬಿಡುತ್ತವೆ.

ಡಿಸೆಂಬರ್ 24ರಂದು ಟಿವೊಲಿಗೆ ರಜೆ. ಡೇನರ ಕ್ರಿಸ್ಮಸ್ ಹಬ್ಬ ನಡೆಯುವುದು ಅಂದಿನ ಸಂಜೆಯೇ. ಮನೆಯ ನಡುಕೋಣೆಯಲ್ಲಿ ಮರವನ್ನು ನಿಲ್ಲಿಸಿ, ದೀಪ ಹಚ್ಚಿ, ಅಜ್ಜ ಅಜ್ಜಿಯರಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಕೈ ಕೈ ಹಿಡಿದು ಅದರ ಸುತ್ತ ಹಾಡುತ್ತ ಸುತ್ತುತ್ತಾರೆ. ಆ ಒಂದು ಸಂಜೆ ಊರಿನ ದೊಡ್ಡ ಉದ್ಯಾನ ಮನೆಯ ಸಣ್ಣ ದೀಪಕ್ಕೆ ದಾರಿ ಬಿಟ್ಟು ಹಿಂದೆ ಸರಿದು ನಿಲ್ಲುತ್ತದೆ. ಅಲ್ಲಿ ಟಿಕೀಟು ಕೊಡುತ್ತಿದ್ದವರೂ, ಗುಳಿಯಪ್ಪ ತಿರುವುತ್ತಿದ್ದವರೂ, ಬೆಟ್ಟದ ರೈಲಿನ ವೇಗವನ್ನು ತೋಳಿನಿಂದ ತಡೆಯುತ್ತಿದ್ದವನೂ ಅಂದು ತಮ್ಮ ತಮ್ಮ ಮನೆಗಳಲ್ಲಿ, ತಮ್ಮವರ ಕೈ ಹಿಡಿದುಕೊಂಡಿರುತ್ತಾರೆ.